ತಾಯಿ ಮೆಳೆಯ ವಯಸ್ಸು

ಮುಂಗಾರು ಹಿಡಿದುಕೊಂಡ ಮೇಲೆ ದೆಹಲಿಯ ಬಿದಿರಮೆಳೆಗಳಲ್ಲಿ ಕಳಲೆ ಏಳುತ್ತದೆ. ಲೋಧಿ ಉದ್ಯಾನದಲ್ಲಿ ಬೆಳಗ್ಗೆ ಓಡಾಡುವವರು ಇದನ್ನು ಕಂಡೇ ಇರುತ್ತಾರೆ. ಮೊನ್ನೆ ಮೊಳಕಾಲುದ್ದ ಇದ್ದದ್ದು ಇಂದು ಎದೆಯುದ್ದ ಆಗಿರುತ್ತದೆ. ಅದನ್ನು ನೋಡಿದವರಿಗೆ ನಮ್ಮ ಮನೆಯ ಮೂಲೆಯಲ್ಲೂ ಒಂದು ಇರಲಿ ಎನಿಸುವುದು ಸಹಜ. ನೋಯ್ಡಾ, ದ್ವಾರಕಾ, ಗುರುಗ್ರಾಮದ ಕನ್ನಡ ಮನೆಗಳಿಂದ ಮಳೆಗಾಲ ಬಂತೆಂದರೆ ಕೇಳಿಕೆ ಶುರು: ‘ನಿಮ್ಮ ಮೆಳೆಯಿಂದ ಒಂದು ತುಂಡು ಕೊಡಿ ಸಾರ್, ನೆಟ್ಟುಕೊಳ್ತೀವಿ.’ ಸಂತೋಷದಿಂದಲೇ ಕೊಡುತ್ತೇನೆ. ಆದರೆ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಕೇಳದ ಒಂದು ಪ್ರಶ್ನೆಯಿದೆ. ಈ ಮೆಳೆಗೆ ಎಷ್ಟು ವಯಸ್ಸು, ಇದು ಎಲ್ಲಿಂದ ಬಂತು, ಕಾಳಿನಿಂದ ಹುಟ್ಟಿದ್ದೋ ಇನ್ನೊಂದು ಮೆಳೆಯ ತುಂಡೋ? ಬಿದಿರನ್ನು ಮನೆಯಲ್ಲಿ ಸಾಕಬೇಕೆನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ ಎಂದು ನನ್ನ ದೃಢವಾದ ಅಭಿಪ್ರಾಯ. ಏಕೆಂಬುದನ್ನು ಹೇಳುವ ಮುನ್ನ ಊರಿನ ಮಾತು ಸ್ವಲ್ಪ.

ದೆಹಲಿ ಬಿದಿರಿಗೆ ಸುಲಭದ ಊರಲ್ಲ. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 1967ರ ಜನವರಿ 11ರಂದು ಉಷ್ಣಾಂಶ ಸೊನ್ನೆಗಿಂತ 2.2 ಡಿಗ್ರಿ ಕೆಳಗಿಳಿದಿತ್ತು. ಅದೇ ಕೇಂದ್ರದಲ್ಲಿ 2024ರ ಮೇ 29ರಂದು 46.8 ಡಿಗ್ರಿ ದಾಖಲಾಯಿತು. ವರ್ಷಕ್ಕೆ ಸುಮಾರು 770 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಮೂರೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಮೇ, ಜೂನಿನಲ್ಲಿ ರಾಜಸ್ಥಾನದ ಕಡೆಯಿಂದ ಬೀಸುವ ಲೂ ಗಾಳಿ ಎಲೆಯ ಅಂಚನ್ನು ಸುಡುತ್ತದೆ. ಜನವರಿಯಲ್ಲಿ ವಾರಗಟ್ಟಲೆ ಬಿಸಿಲೇ ಕಾಣದ ಮಂಜು. ಯೂರೋಪಿನ ತೋಟಗಾರರಿಗೆ ಚಳಿ ತಡೆಯುವ ಬಿದಿರು ಸಿಕ್ಕರೆ ಸಾಕು. ಇಲ್ಲಿ ಒಂದೇ ಗಿಡ ಎರಡನ್ನೂ ತಡೆಯಬೇಕು.

ತಡೆಯುವ ಜಾತಿ ಇದೆ, ಅದು ನಮ್ಮದೇ. ನಮ್ಮ ಬಯಲುಸೀಮೆಯ ಒಣಕಾಡುಗಳಲ್ಲಿ ಕಿರುಬಿದಿರು ಎನ್ನುವುದು, ಸಸ್ಯಶಾಸ್ತ್ರಜ್ಞರು ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್ ಎಂದು ಕರೆಯುವುದು. ಹಿಂದಿಯವರಿಗೆ ಅದು ಲಾಠಿ ಬಾಂಸ್. ಶಿವಾಲಿಕದ ತಪ್ಪಲಿನಿಂದ ಹಿಡಿದು ದಕ್ಷಿಣದವರೆಗೆ ಹಬ್ಬಿರುವ ಈ ಜಾತಿ ಒಣಭೂಮಿಯಲ್ಲಿ ಬೆಳೆದಾಗ ಗಳದ ಒಳಗೆ ಟೊಳ್ಳೇ ಇಲ್ಲದಂತೆ ಗಟ್ಟಿಯಾಗುತ್ತದೆ. ಪೊಲೀಸರ ಲಾಠಿ ಇದರದೇ. ತೇವದ ನೆಲದಲ್ಲಿ ಅದೇ ಜಾತಿ ಟೊಳ್ಳಾಗಿ, ಎತ್ತರವಾಗಿ ಬೆಳೆಯುತ್ತದೆ. ಬೇಲಿಗೆ ಬೇಕೆನ್ನುವವರು ಸಣ್ಣೆಲೆಯ ಬ್ಯಾಂಬುಸಾ ಮಲ್ಟಿಪ್ಲೆಕ್ಸನ್ನೂ, ಚೆಂದಕ್ಕೆ ಬೇಕೆನ್ನುವವರು ಹಸಿರು ಗೀರಿನ ಹಳದಿ ಬಿದಿರನ್ನೂ ನೆಡುತ್ತಾರೆ. ಇವೆಲ್ಲ ಮೆಳೆಕಟ್ಟಿ ಬೆಳೆಯುವ ಜಾತಿಗಳು. ಚೀನಾ, ಜಪಾನಿನ ಕೆಲವು ಬಿದಿರುಗಳಂತೆ ನೆಲದೊಳಗೆ ಓಡಿ ಪಕ್ಕದ ಮನೆಯಲ್ಲಿ ತಲೆ ಎತ್ತುವುದಿಲ್ಲ. ಗಾಜಿನ ಲೋಟದ ನೀರಿನಲ್ಲಿಟ್ಟು ‘ಲಕ್ಕಿ ಬಾಂಬೂ’ ಎಂದು ಮಾರುವುದಂತೂ ಬಿದಿರೇ ಅಲ್ಲ, ಅದು ಆಫ್ರಿಕಾ ಮೂಲದ ಡ್ರಸೀನಾ. ಅದು ನೀರಿನಲ್ಲಿ ಬೇರು ಬಿಡುತ್ತದೆಂದು ನಿಜವಾದ ಬಿದಿರಿನ ತುಂಡನ್ನೂ ಬಕೆಟ್ಟಿನಲ್ಲಿ ನಿಲ್ಲಿಸಿದರೆ ತುಂಡು ಕೊಳೆಯುವುದೇ ಹೆಚ್ಚು.

ಬಿದಿರನ್ನು ಹೆಚ್ಚಿಸುವ ಕೆಲಸಕ್ಕೆ ದೆಹಲಿಯಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ಹೆಸರಿದೆ. ಹೊಳೆನರಸೀಪುರದ ಯೋಗಾನರಸಿಂಹಂ ಅವರ ಮಕ್ಕಳಲ್ಲಿ ಎಚ್.ವೈ. ಶಾರದಾಪ್ರಸಾದರು ಎಲ್ಲರಿಗೂ ಗೊತ್ತು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರು, ಕಾರಂತರನ್ನು ಇಂಗ್ಲಿಷಿಗೆ ತಂದವರು. ಅವರ ತಮ್ಮ ಎಚ್.ವೈ. ಮೋಹನರಾಮ್ ಅಷ್ಟು ಪರಿಚಿತರಲ್ಲ. ಮೈಸೂರಿನಲ್ಲಿ 1930ರಲ್ಲಿ ಹುಟ್ಟಿ, 1953ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಸೇರಿ, ಸುಮಾರು ನಾಲ್ಕು ದಶಕ ಅಲ್ಲಿಯೇ ಪಾಠ ಹೇಳಿದರು. ನಡುವೆ ಅಮೆರಿಕದ ಕಾರ್ನೆಲ್‌ನಲ್ಲಿ ಎಫ್.ಸಿ. ಸ್ಟೀವರ್ಡ್ ಅವರ ಜೊತೆ ಕೆಲಸ ಮಾಡಿದರು. ಗಜ್ಜರಿಯ ಬಿಡಿ ಕೋಶಗಳಿಂದ ಇಡೀ ಗಿಡ ಬೆಳೆಸಬಹುದೆಂದು ತೋರಿಸಿಕೊಟ್ಟ ವಿಜ್ಞಾನಿ ಆ ಸ್ಟೀವರ್ಡ್. ಅದೇ ಜಾಡಿನ ವಿದ್ಯೆಯನ್ನು ಮೋಹನರಾಮ್ ಮತ್ತು ಅವರ ಸಂಗಡಿಗರು ದೆಹಲಿಯ ಪ್ರಯೋಗಾಲಯದಲ್ಲಿ ಬಿದಿರಿಗೆ ಅನ್ವಯಿಸಿದರು. ನಮ್ಮ ಮಲೆನಾಡಿನ ಹೆಬ್ಬಿದಿರಿನ ಕಾಳಿನೊಳಗಿನ ಭ್ರೂಣವನ್ನು ಪೋಷಕ ದ್ರಾವಣದಲ್ಲಿಟ್ಟು, ಅದರಿಂದ ಹೊಸ ಭ್ರೂಣಗಳನ್ನು ಹುಟ್ಟಿಸಿ, ಸಸಿಗಳನ್ನು ಪಡೆದ ವರದಿ 1982ರಲ್ಲಿ ಪ್ರಕಟವಾಯಿತು. ಆ ತಂಡದ ಐ.ವಿ. ರಾಮಾನುಜ ರಾವ್ ಮತ್ತಿತರರು 1985ರಲ್ಲಿ ಕಿರುಬಿದಿರಿನಲ್ಲೂ ಅದನ್ನು ಸಾಧಿಸಿದರು. ನಲವತ್ತು ವರ್ಷಕ್ಕೊಮ್ಮೆ ಕಾಳು ಕೊಡುವ ಗಿಡದ ಒಂದು ಹಿಡಿ ಕಾಳಿನಿಂದ ಸಾವಿರಗಟ್ಟಲೆ ಸಸಿ ಮಾಡುವ ದಾರಿ ಹೀಗೆ ತೆರೆಯಿತು. ಮುಂದೆ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲೂ ದೆಹಲಿಯ ಟೆರಿ ಸಂಸ್ಥೆಯಲ್ಲೂ ಅಂಗಾಂಶ ಕೃಷಿಯ ಕೇಂದ್ರಗಳಾದವು. ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ದಾರಿಯ ಗ್ವಾಲ್ ಪಹಾಡಿಯಲ್ಲಿದೆ ಟೆರಿಯ ಕೇಂದ್ರ. ಮೈಸೂರಿನ ಮೇಷ್ಟರೊಬ್ಬರು ದೆಹಲಿಯಲ್ಲಿ ಕೂತು ನಮ್ಮ ಕಾಡಿನ ಬಿದಿರಿಗೆ ಮಾಡಿದ ಈ ಉಪಕಾರ ನಮ್ಮ ಶಾಲಾಪುಸ್ತಕಗಳಿಗೆ ಬರಬೇಕು.

ಮನೆಯಲ್ಲಿ ಗಾಜಿನ ಕುಪ್ಪಿ, ದ್ರಾವಣ ಸಾಧ್ಯವಿಲ್ಲ. ನಮಗಿರುವುದು ಹಳೆಯ ದಾರಿಗಳು. ಬಾಳೆಯ ಕಂದು ಕಿತ್ತು ನೆಡುವಂತೆ ಬಿದಿರನ್ನೂ ಗೆಡ್ಡೆಸಮೇತ ಕಿತ್ತು ನೆಡುವುದು ಮೊದಲನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಭರವಸೆಯದು. ಇದಕ್ಕೆ ಮೆಳೆಯ ಹೊರಅಂಚಿನ, ಒಂದು ಮಳೆಗಾಲ ಕಳೆದ ಗಳ ಬೇಕು. ಗಳದ ವಯಸ್ಸು ಗುರುತಿಸುವುದು ಕಲಿತರೆ ಅರ್ಧ ಕೆಲಸ ಆದ ಹಾಗೆ. ಈ ವರ್ಷದ್ದಕ್ಕೆ ಕಳಲೆಯ ಹೊರಹಾಳೆ ಇನ್ನೂ ಅಂಟಿಕೊಂಡಿರುತ್ತದೆ, ಮೈಮೇಲೆ ಬಿಳಿಯ ಹುಡಿ ಇರುತ್ತದೆ, ಕೊಂಬೆ ಕಡಿಮೆ. ಎರಡನೆಯ ವರ್ಷದ್ದರ ಹಾಳೆ ಉದುರಿ ಮೈ ಕಡುಹಸಿರಾಗಿ ಕೊಂಬೆ ತುಂಬಿರುತ್ತದೆ. ಅದಕ್ಕೂ ಹಳೆಯದರ ಮೇಲೆ ಬೂದು ಮಚ್ಚೆ ಕೂತು ಬಣ್ಣ ಮಾಸಿರುತ್ತದೆ. ನಮಗೆ ಬೇಕಾದದ್ದು ನಡುವಿನದು. ಅದನ್ನು ನಾಲ್ಕೈದು ಅಡಿಗೆ ಕತ್ತರಿಸಿ, ಬುಡದ ಮಣ್ಣು ಬಿಡಿಸಿ, ಅದರ ಗೆಡ್ಡೆ ತಾಯಿ ಗೆಡ್ಡೆಗೆ ಕೂಡುವ ಕುತ್ತಿಗೆ ಹುಡುಕಬೇಕು. ಅಲ್ಲಿ ಹರಿತವಾದ ಗರಗಸದಿಂದ ಒಂದೇ ಕಡೆ ಕೊಯ್ಯಬೇಕು. ಹಾರೆ ಹಾಕಿ ಮೀಟಿದರೆ ಗೆಡ್ಡೆಯ ಕಣ್ಣುಗಳು ಒಡೆದುಹೋಗುತ್ತವೆ. ಮುಂದಿನ ಕಳಲೆ ಏಳಬೇಕಾದದ್ದು ಆ ಕಣ್ಣುಗಳಿಂದಲೇ. ಕಿತ್ತದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಅದೇ ದಿನ ನೆಡಬೇಕು. ಇಲ್ಲಿ ಅದಕ್ಕೆ ಎರಡು ಹೊತ್ತು. ಚಳಿ ಮುರಿದ ಫೆಬ್ರವರಿ ಕೊನೆ, ಇಲ್ಲವೇ ಮಳೆಯ ಆರಂಭ. ಫೆಬ್ರವರಿಯಲ್ಲಿ ನೆಟ್ಟದ್ದಕ್ಕೆ ಲೂ ಮುಗಿಯುವವರೆಗೆ ನೆರಳು ಕಟ್ಟಲೇಬೇಕು.

ಗೆಡ್ಡೆ ಕೀಳುವಷ್ಟು ದೊಡ್ಡ ಮೆಳೆ ಇಲ್ಲದವರಿಗೆ ಗಳದ ತುಂಡಿನ ದಾರಿ. ಹಳದಿ ಬಿದಿರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಕಿರುಬಿದಿರಿಗೆ ಅಷ್ಟಾಗಿ ಇಲ್ಲ. ಎರಡು ಗೆಣ್ಣಿನ ತುಂಡು ಮಾಡಿ, ಗೆಣ್ಣಿನ ಕೊಂಬೆಗಳನ್ನು ಬೆರಳುದ್ದ ಉಳಿಸಿ ಸವರಿ, ಕಣ್ಣಿಗೆ ಪೆಟ್ಟಾಗದಂತೆ ಅಡ್ಡ ಮಲಗಿಸಿ, ಎರಡಂಗುಲ ಮಣ್ಣು ಮುಚ್ಚಬೇಕು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ಇದಕ್ಕೊಂದು ಜಾಣ ಉಪಾಯ ಸೇರಿಸಿದ್ದಾರೆ. ಎರಡು ಗೆಣ್ಣುಗಳ ನಡುವಿನ ಟೊಳ್ಳಿಗೆ ತೂತು ಕೊರೆದು, ಬೇರು ಬರಿಸುವ ಹಾರ್ಮೋನಿನ ದ್ರಾವಣ ಸುರಿದು, ಪ್ಲಾಸ್ಟಿಕ್ ಸುತ್ತಿ ಮುಚ್ಚುವುದು. ತುಂಡು ತನ್ನೊಳಗೇ ಮದ್ದು ಇಟ್ಟುಕೊಂಡು ನಿಧಾನವಾಗಿ ಹೀರುತ್ತದೆ.

ಇಲ್ಲಿಯೇ ಬಹಳ ಜನ ಸೋಲುವುದು. ತುಂಡಿನಿಂದ ಕೆಲವೇ ವಾರದಲ್ಲಿ ಚಿಗುರು ಬರುತ್ತದೆ, ಎಲೆ ಬಿಡುತ್ತದೆ, ಮನೆಯವರೆಲ್ಲ ಫೋಟೊ ತೆಗೆಯುತ್ತಾರೆ. ಆ ಚಿಗುರು ಗಳದಲ್ಲಿ ಕೂಡಿಟ್ಟ ಆಹಾರ ತಿಂದು ಬಂದದ್ದು, ಕೆಳಗೆ ಬೇರು ಇನ್ನೂ ಹುಟ್ಟಿರುವುದಿಲ್ಲ. ಆಗ ಎತ್ತಿ ಬೇರೆ ಕುಂಡಕ್ಕೆ ಹಾಕಿದರೆ ಸಾಯುತ್ತದೆ. ಬೇರು ಬರಲು ಎರಡು ಮೂರು ತಿಂಗಳು ಬೇಕು. ಬೇರು ಬಂದ ಮಾತ್ರಕ್ಕೂ ಮುಗಿಯಲಿಲ್ಲ, ಗೆಡ್ಡೆ ಕಟ್ಟಬೇಕು. ಬೇರಿದ್ದು ಗೆಡ್ಡೆ ಕಟ್ಟದ ತುಂಡು ವರ್ಷವಿಡೀ ಹಸಿರಾಗಿ ನಿಂತು, ಒಂದೂ ಹೊಸ ಕಳಲೆ ಕೊಡದೆ ಒಣಗಿಬಿಡಬಹುದು. ಬುಡದ ಮಣ್ಣನ್ನು ಸೀಳಿಕೊಂಡು ಎರಡನೆಯ ಮೊಳಕೆ ಬಂದ ದಿನ ಮಾತ್ರ ಬಿದಿರು ನಿಮ್ಮದಾಯಿತು ಎನ್ನಬಹುದು. ಅಲ್ಲಿಯವರೆಗೆ ಕದಲಿಸಬೇಡಿ. ನರ್ಸರಿಯಲ್ಲಿ ಕೊಳ್ಳುವಾಗಲೂ ಎಲೆ ನೋಡಬೇಡಿ, ಬುಡ ನೋಡಿ.

ಮೊದಲ ವರ್ಷಗಳ ಗಳ ಪೆನ್ಸಿಲಿನಷ್ಟು ತೆಳ್ಳಗಿರುವುದನ್ನು ಕಂಡು ಗೊಬ್ಬರ ಸುರಿಯುವವರಿದ್ದಾರೆ. ಬಿದಿರಿನ ಗಳ ನೆಲದಿಂದ ಹೊರಬರುವಾಗಲೇ ತನ್ನ ಪೂರ್ತಿ ದಪ್ಪದಲ್ಲಿ ಬರುತ್ತದೆ. ಎರಡು ಮೂರು ತಿಂಗಳಲ್ಲಿ ಎತ್ತರ ಮುಗಿಸುತ್ತದೆ. ಆಮೇಲೆ ಎಷ್ಟು ವರ್ಷ ಬದುಕಿದರೂ ಒಂದು ಕೂದಲೆಳೆಯಷ್ಟೂ ದಪ್ಪವಾಗುವುದಿಲ್ಲ. ದಪ್ಪ ಬರುವುದು ಮುಂದಿನ ವರ್ಷದ ಕಳಲೆಗೆ, ಅದಕ್ಕಿಂತ ದಪ್ಪ ಅದರ ಮುಂದಿನದಕ್ಕೆ. ನಾಲ್ಕೈದು ವರ್ಷ ಕಾಯುವ ಮನಸ್ಸಿರಲಿ. ಇನ್ನೊಂದು ಮಾತು: ಬೇಸಿಗೆಗೆ ಮುಂಚೆ ಕಿರುಬಿದಿರು ಎಲೆ ಉದುರಿಸಿ ಬೋಳಾಗುತ್ತದೆ. ಸತ್ತಿತೆಂದು ಮಾಲಿ ಕಡಿಯಲು ಬಂದರೆ ತಡೆಯಿರಿ. ಉದುರಿದ ಎಲೆಯನ್ನು ಬುಡದಲ್ಲೇ ಬಿಡಿ, ಲೂ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ನೋಯ್ಡಾ, ದ್ವಾರಕಾದ ಹಲವೆಡೆ ಬೋರ್‌ವೆಲ್ ನೀರು ಉಪ್ಪು. ಆರ್‌ಒ ಯಂತ್ರದಿಂದ ಹೊರಬೀಳುವ ನೀರು ಅದಕ್ಕಿಂತ ಉಪ್ಪು. ನೀರು ಉಳಿಸುವ ಒಳ್ಳೆಯ ಉದ್ದೇಶದಿಂದ ಅದನ್ನೇ ಹಾಕಿದರೆ ಎಲೆಯ ತುದಿ ಸುಟ್ಟುಕೊಳ್ಳುತ್ತದೆ. ಮಳೆನೀರು ಹಿಡಿದಿಡಿ.

ಬುಡವನ್ನು ಚೊಕ್ಕಟ ಮಾಡುವ ಚಪಲಕ್ಕೆ ನಮ್ಮ ಉತ್ತರ ಕನ್ನಡ ಒಂದು ಪಾಠ ಕಲಿಸಿದೆ. ಕಾಗದದ ಕಾರ್ಖಾನೆ ಬಂದ ಮೇಲೆ ಅಲ್ಲಿ ಬಿದಿರು ಕರಗಿದ್ದು ಏಕೆಂದು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತವರ ಸಂಗಡಿಗರು ಅಧ್ಯಯನ ಮಾಡಿದರು. ಮೆಳೆಯ ಬುಡದ ಮುಳ್ಳುಪೊದೆ ಸವರಿ ಹಸನು ಮಾಡುವುದೇ ಸರಿಯಾದ ನಿರ್ವಹಣೆ ಎಂದು ಅರಣ್ಯ ಇಲಾಖೆ ನಂಬಿತ್ತು. ಹಳ್ಳಿಯವರು ಬೇರೆಯೇ ಹೇಳಿದರು: ಆ ಮುಳ್ಳೇ ಕಳಲೆಗೆ ಕಾವಲು, ಅದನ್ನು ತೆಗೆದರೆ ದನಕರು, ಕಾಡುಪ್ರಾಣಿ ಕಳಲೆಯನ್ನು ಉಳಿಸುವುದಿಲ್ಲ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿಯಿತ್ತು. ದೆಹಲಿಯ ಮನೆಗಳಲ್ಲಿ ದನವಿಲ್ಲದಿದ್ದರೂ ಕೋತಿಗಳಿವೆ. ಮಳೆಗಾಲದ ಆ ಕೆಲವು ವಾರ ಬುಡದ ಕಿರುಕೊಂಬೆಗಳನ್ನು ಮುಟ್ಟದೆ ಬಿಟ್ಟರೆ ಕಳಲೆಗೆ ಮರೆ ಸಿಗುತ್ತದೆ.

ಈಗ ವಯಸ್ಸಿನ ಮಾತು. ಗೆಡ್ಡೆಯಿಂದಾಗಲಿ ಗಳದ ತುಂಡಿನಿಂದಾಗಲಿ ನಾವು ಮಾಡಿಕೊಂಡದ್ದು ಹೊಸ ಗಿಡವಲ್ಲ. ತಾಯಿಯ ಜೀವವೇ ಇನ್ನೊಂದು ಜಾಗದಲ್ಲಿ ಮುಂದುವರಿದದ್ದು. ತಾಯಿ ಮೆಳೆಗೆ ಮೂವತ್ತೈದು ವರ್ಷವಾಗಿದ್ದರೆ, ಇವತ್ತು ಕುಂಡದಲ್ಲಿ ಚಿಗುರಿದ ತುಂಡಿಗೂ ಮೂವತ್ತೈದೇ. ಬಿದಿರು ದಶಕಗಟ್ಟಲೆ ಬೆಳೆದು, ಒಮ್ಮೆ ಹೂಬಿಟ್ಟು, ಕಾಳು ಉದುರಿಸಿ, ಹಲವು ಜಾತಿಗಳಲ್ಲಿ ಮೆಳೆಯೇ ಸಾಯುತ್ತದೆ. ಕಿರುಬಿದಿರಿಗೆ ಆ ಅವಧಿ ಇಪ್ಪತ್ತೈದರಿಂದ ನಲವತ್ತೈದು ವರ್ಷ ಎಂದು ಹೇಳುತ್ತಾರೆ. ತಾಯಿ ಹೂಬಿಡುವ ಹೊತ್ತಿಗೆ ದೂರದ ಊರಿನಲ್ಲಿ ಅಂಗೈಯಗಲದ ಕುಂಡದಲ್ಲಿರುವ ಮಗಳೂ ಹೂಬಿಡುವುದು ಸಾಮಾನ್ಯ.

ಇದಕ್ಕೆ ಯೂರೋಪಿನ ತೋಟಗಳು ದೊಡ್ಡ ಸಾಕ್ಷಿ. ಅರ್ನೆಸ್ಟ್ ವಿಲ್ಸನ್ ಎಂಬ ಗಿಡಸಂಗ್ರಾಹಕ 1907ರಲ್ಲಿ ಚೀನಾದ ಹುಬೆಯಿಂದ ಚಳಿ ತಡೆಯುವ ಚೆಲುವಾದ ಬಿದಿರೊಂದನ್ನು ಅಮೆರಿಕದ ಬಾಸ್ಟನ್ನಿಗೆ ಕಳಿಸಿದ. ಅವನ ಮಗಳು ಮ್ಯೂರಿಯಲ್ ಹೆಸರನ್ನೇ ಅದಕ್ಕೆ ಇಟ್ಟರು. 1913ರಲ್ಲಿ ಅದರ ಒಂದು ಭಾಗ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಯಿತು. ಅದನ್ನು ಭಾಗ ಮಾಡಿ, ಭಾಗದ ಭಾಗ ಮಾಡಿ, ಇಂಗ್ಲೆಂಡು, ಜರ್ಮನಿ, ಡೆನ್ಮಾರ್ಕುಗಳ ಮನೆಮನೆಗೂ ಹಂಚಿದರು. ಕೊಂಡವರೆಲ್ಲ ಎಳೆಯ ಗಿಡ ತಂದೆವೆಂದುಕೊಂಡರು. 1990ರ ದಶಕದಲ್ಲಿ ಅವೆಲ್ಲ ಸಾಲುಸಾಲಾಗಿ ಹೂಬಿಟ್ಟವು, ಒಣಗಿದವು. ಹಿಂದಿನ ವರ್ಷವಷ್ಟೇ ನೆಟ್ಟವರ ಗಿಡವೂ ಹೋಯಿತು. ತೋಟಗಾರರು ಆಗ ಉದುರಿದ ಕಾಳನ್ನು ಬಿತ್ತಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಅದಕ್ಕೇ ಕಾಳಿನಿಂದ ಹುಟ್ಟಿದ ಸಸಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಅದರ ಮುಂದೆ ಪೂರ್ತಿ ಆಯುಷ್ಯವಿದೆ. ಕಾಳಿನ ಸಸಿಗೆ ಇನ್ನೊಂದು ಗುಣವೂ ಇದೆ: ಕೆಲವು ತಿಂಗಳಲ್ಲಿ ಬುಡದಿಂದ ಹಲವು ಮೊಳಕೆ ಒಡೆಯುತ್ತದೆ. ಪ್ರತಿ ಮೊಳಕೆಗೂ ಚೂರು ಗೆಡ್ಡೆ, ಬೇರು ಸಿಗುವಂತೆ ಬಿಡಿಸಿ ನೆಟ್ಟರೆ ಒಂದು ಸಸಿ ವರ್ಷದಲ್ಲಿ ಮೂರು ನಾಲ್ಕಾಗುತ್ತದೆ. ಬಾಲ್ಕನಿಯಲ್ಲೂ ಮಾಡಬಹುದಾದ ಕೆಲಸ ಇದು. ಕಾಳಿನ ಸಸಿ ಸಿಗದೆ ತುಂಡೇ ಸಿಕ್ಕರೆ ಅದರಲ್ಲಿ ತಪ್ಪೇನಿಲ್ಲ, ಅದರ ವಯಸ್ಸು ಗೊತ್ತಿರಬೇಕು ಅಷ್ಟೆ. ನಾನು ಕೊಡುವ ಪ್ರತಿ ತುಂಡಿನ ಕುತ್ತಿಗೆಗೆ ತಗಡಿನ ಚೀಟಿ ಕಟ್ಟುತ್ತೇನೆ. ಜಾತಿ, ತಾಯಿ ಮೆಳೆ ಇರುವ ಜಾಗ, ಅದು ನೆಟ್ಟ ವರ್ಷ, ಅದಕ್ಕೂ ಹಿಂದಿನ ಮೂಲ ಗೊತ್ತಿದ್ದರೆ ಅದು. ತೆಗೆದುಕೊಂಡವರು ಮುಂದೆ ಇನ್ನೊಬ್ಬರಿಗೆ ಕೊಡುವಾಗ ಚೀಟಿಯ ಬರಹವನ್ನೂ ನಕಲು ಮಾಡಿಕೊಡಬೇಕೆಂಬುದೇ ನನ್ನ ಷರತ್ತು.

ಇದನ್ನು ಮನೆಗಳಿಗೆ ಮಾತ್ರ ಹೇಳುತ್ತಿಲ್ಲ. ಯಮುನೆಯ ದಂಡೆಯಲ್ಲಿ, ಸರಾಯ್ ಕಾಲೇ ಖಾನ್ ಬಳಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರ ‘ಬಾಂಸೇರಾ’ ಎಂಬ ಬಿದಿರುವನ ಮಾಡಿದೆ. 2022ರ ಆಗಸ್ಟಿನಲ್ಲಿ ಅಡಿಗಲ್ಲು ಬಿದ್ದ ಆ ವನಕ್ಕೆ ಅಸ್ಸಾಮಿನಿಂದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸಸಿ ತರಿಸುವ ಯೋಜನೆಯಾಗಿತ್ತು. ಹಿಂದೆ ಕಟ್ಟಡದ ಕಸ ಬೀಳುತ್ತಿದ್ದ ನದಿದಂಡೆಯಲ್ಲಿ ಈಗ ಬಿದಿರು ತೂಗುವುದನ್ನು ನೋಡಿ ನನಗೆ ನಿಜಕ್ಕೂ ಆನಂದವಾಗಿದೆ. ಅಲ್ಲಿನ ಒಂದೊಂದು ಮೆಳೆಯ ಮುಂದೆಯೂ ಜಾತಿ, ಮೂಲ, ವಯಸ್ಸು ಬರೆದ ಫಲಕವಿದ್ದರೆ ಅದು ಇಡೀ ಉತ್ತರ ಭಾರತದ ಬಿದಿರುಪ್ರಿಯರಿಗೆ ಪಾಠಶಾಲೆಯಾಗುತ್ತದೆ. ಕಾನೂನೂ ಈಗ ನಮ್ಮ ಪರವಾಗಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಬಿದಿರು ಮರಗಳ ಸಾಲಿನಲ್ಲಿತ್ತು, ಸ್ವಂತ ಜಮೀನಿನಲ್ಲಿ ಬೆಳೆದದ್ದನ್ನು ಕಡಿದು ಸಾಗಿಸಲೂ ಅನುಮತಿ ಕೇಳಬೇಕಾದ ಪಾಡು ಇತ್ತು. 2017ರ ತಿದ್ದುಪಡಿ ಅದನ್ನು ಆ ಸಾಲಿನಿಂದ ತೆಗೆಯಿತು. ಮರುವರ್ಷ ರಾಷ್ಟ್ರೀಯ ಬಿದಿರು ಮಿಷನ್ ಹೊಸ ರೂಪದಲ್ಲಿ ಬಂದು ಒಳ್ಳೆಯ ಸಸಿ, ಮಾನ್ಯತೆ ಪಡೆದ ನರ್ಸರಿ ಎಂದು ಒತ್ತಿ ಹೇಳತೊಡಗಿತು. ಬೇಡಿಕೆಗೂ ಈ ಊರಿನಲ್ಲಿ ಕೊರತೆಯಿಲ್ಲ. ಛಠ್ ಪೂಜೆ ಹತ್ತಿರವಾದಾಗ ದೆಹಲಿಯ ಸಂತೆಗಳಲ್ಲಿ ಬಿದಿರಿನ ಸೂಪ್ ರಾಶಿರಾಶಿ ಬೀಳುತ್ತದೆ. ಅದು ನಮ್ಮ ಮೊರವೇ. ಗೌರಿಹಬ್ಬದ ಬಾಗಿನಕ್ಕೆ ಬೆಂಗಳೂರಿನಿಂದ ಮೊರ ಹೊತ್ತು ತರುವ ಹೆಣ್ಣುಮಕ್ಕಳು ಹಿಂದಿನ ವರ್ಷದ ಛಠ್ ಸಂತೆಯಲ್ಲೇ ಕೊಂಡಿಟ್ಟುಕೊಳ್ಳಬಹುದು.

ನಿಮ್ಮ ಮೆಳೆ ಹೂಬಿಟ್ಟರೆ ಏನು ಮಾಡಬೇಕು ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ. ಹೊಸ ಎಲೆಯ ಬದಲು ಗೆಣ್ಣುಗಳಲ್ಲಿ ಒಣಹುಲ್ಲಿನ ತೆನೆಯಂಥದು ಕಾಣಿಸಿಕೊಂಡರೆ ಅದೇ ಹೂವು. ಬಿದಿರು ಹೂಬಿಟ್ಟರೆ ಮನೆಗೆ ಕೇಡೆಂದು ಹೆದರಿಸುವವರ ಮಾತು ಕೇಳಿ ಆಗಲೇ ಕಡಿಸಬೇಡಿ. ತುಂಡು ತೆಗೆದು ಉಳಿಸಿಕೊಳ್ಳಲು ಹೋದರೆ ಅದರಿಂದಲೂ ಹೂವೇ ಬರುತ್ತದೆ, ಆ ಶ್ರಮ ಬೇಡ. ನೀರು ಹಾಕುತ್ತಿರಿ, ಬುಡದಲ್ಲಿ ಹಳೆಯ ಸೀರೆಯೋ ಚಾಪೆಯೋ ಹಾಸಿ, ಕಾಳು ಉದುರುವವರೆಗೆ ಕಾಯಿರಿ. ಇಲಿ, ಗಿಳಿ ಮೊದಲು ಬರುತ್ತವೆ, ಅವಕ್ಕಿಂತ ಮುಂಚೆ ದಿನಾ ಗುಡಿಸಿ ಆರಿಸಿಕೊಳ್ಳಬೇಕು. ತೂರಿ, ಜೊಳ್ಳು ತೆಗೆದು, ನೆರಳಿನಲ್ಲಿ ಒಣಗಿಸಿ. ಬಿದಿರಕ್ಕಿಗೆ ಮೊಳೆಯುವ ಶಕ್ತಿ ಕೆಲವೇ ತಿಂಗಳು, ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಇಡಬೇಡಿ. ಮರಳು ಬೆರೆತ ಸಡಿಲ ಮಣ್ಣಿನಲ್ಲಿ ಮೇಲೆ ಮೇಲೆ ಬಿತ್ತಿ, ಇಲಿ ನುಗ್ಗದಂತೆ ಜಾಲರಿ ಮುಚ್ಚಿ, ಉಳಿದದ್ದನ್ನು ಗೊತ್ತಿರುವ ನಾಲ್ಕು ಮನೆಗಳಿಗೆ ಅದೇ ವಾರ ಹಂಚಿ. ಚೀಟಿಯಲ್ಲಿ ಆ ವರ್ಷವನ್ನೇ ಹುಟ್ಟಿದ ವರ್ಷವೆಂದು ಬರೆಯಿರಿ.